ಬಿಡದೆ ಮಿಡಿಯುವ ಬೀಟಾ

ಪಾರ್ಕಿನ್ಸನ್ ಎಂದೊಡನೆ ಕಣ್ಣಿಗೆ ಕಟ್ಟುವುದು ನಡುಗುವ ಕೈ. ಆದರೆ ಈ ಕಾಯಿಲೆಯವರನ್ನು ದಿನವೂ ನೋಡಿಕೊಳ್ಳುವ ಮನೆಯವರಿಗೆ ನಡುಕದಷ್ಟೇ ಕಾಡುವುದು ನಿಧಾನ. ಅಂಗಿಯ ಗುಂಡಿ ಹಾಕುವುದರಲ್ಲೇ ಬೆಳಗಿನ ಹೊತ್ತು ಸರಿದುಹೋಗುತ್ತದೆ. ಸಹಿ ಹಾಕಲು ಕೂತರೆ ಮೊದಲಕ್ಷರ ದುಂಡಗೆ ಮೂಡುತ್ತದೆ, ಉಳಿದವು ಕುಗ್ಗುತ್ತ ಕುಗ್ಗುತ್ತ ಇರುವೆ ಸಾಲಾಗುತ್ತವೆ. ತೋಳಿನಲ್ಲಿ ಕಸುವಿಲ್ಲವೆಂದಲ್ಲ, ಡಾಕ್ಟರು ಕೈ ಹಿಡಿದು ಒತ್ತಿ ನೋಡಿದರೆ ಬಲ ಇದ್ದೇ ಇರುತ್ತದೆ. ‘ಬೇಕಂತಲೇ ಹೀಗೆ ಮಾಡ್ತಾರೆ’ ಎಂದು ಗೊಣಗುವ ಮುನ್ನ, ಆ ತಲೆಯೊಳಗೆ ಏನು ನಡೆಯುತ್ತಿದೆ ಎಂಬುದನ್ನು ನಾವು ತಿಳಿಯಲೇಬೇಕು.

1817ರಲ್ಲಿ ಈ ಕಾಯಿಲೆಯನ್ನು ವಿವರಿಸಿದ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್, ದೋಷ ಕತ್ತಿನ ಭಾಗದ ಬೆನ್ನುಹುರಿಯಲ್ಲಿರಬಹುದೆಂದು ಊಹಿಸಿದ್ದರು. ಅದು ಮಿದುಳಿನ ಆಳದಲ್ಲಿದೆ ಎಂದು ಈಗ ಗೊತ್ತು. ಅಲ್ಲಿ ಡೋಪಮಿನ್ ತಯಾರಿಸುವ ನರಕೋಶಗಳು ವರ್ಷಗಟ್ಟಲೆ ಸದ್ದಿಲ್ಲದೆ ಸಾಯುತ್ತವೆ. ಇಷ್ಟನ್ನು ಅನೇಕರು ಕೇಳಿರುತ್ತಾರೆ. ಡೋಪಮಿನ್ ಕಡಿಮೆಯಾದರೆ ಮಿದುಳಿನ ವಿದ್ಯುತ್ತಿಗೆ ಏನಾಗುತ್ತದೆ ಎಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ನನ್ನ ಮಟ್ಟಿಗೆ ಈ ಕಾಯಿಲೆಯ ಅತ್ಯಂತ ಕುತೂಹಲದ ಅಧ್ಯಾಯ ಅದೇ.

ನರಕೋಶಗಳು ಗುಂಪುಗೂಡಿ ಮಿಡಿದಾಗ ಅಲೆಗಳು ಏಳುತ್ತವೆ. ಸೆಕೆಂಡಿಗೆ ಸುಮಾರು 13ರಿಂದ 30 ಬಾರಿ ಏರಿಳಿಯುವ ಅಲೆಗೆ ಬೀಟಾ ಎಂದು ಹೆಸರು. ಕೈಕಾಲು ಇದ್ದ ಭಂಗಿಯಲ್ಲೇ ಇರುವಾಗ ಚಲನೆಯ ಕೇಂದ್ರಗಳಲ್ಲಿ ಬೀಟಾ ಜೋರಾಗಿರುತ್ತದೆ. ಲೋಟ ಎತ್ತಿಕೊಳ್ಳಬೇಕು ಎಂದುಕೊಂಡರೆ, ಕೈ ಅಲುಗುವ ಮೊದಲೇ ಅದು ತಗ್ಗುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ ಏರುತ್ತದೆ. ಪಾರ್ಕಿನ್ಸನ್ನಿನಲ್ಲಿ ಎಡವಟ್ಟಾಗುವುದು ಇಲ್ಲಿಯೇ. ಬೀಟಾ ವಿಪರೀತ ಬಲವಾಗಿ, ಒಮ್ಮೆ ಎದ್ದರೆ ಬಹಳ ಹೊತ್ತು ನಿಂತುಬಿಡುತ್ತದೆ. ಏಳಬೇಕೆಂಬ ಮನಸ್ಸು ಇರುತ್ತದೆ, ಏಳುವ ಕಾಲೂ ಇರುತ್ತದೆ. ನಡುವೆ ‘ಹೇಗಿದ್ದೀಯೋ ಹಾಗೇ ಇರು’ ಎಂಬ ಲಯ ಪಟ್ಟು ಸಡಿಲಿಸುವುದಿಲ್ಲ.

ಇದು ತಿಳಿದದ್ದು ಆಪರೇಷನ್ ಟೇಬಲ್ಲಿನ ದೆಸೆಯಿಂದ. ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಮಿದುಳಿನಾಳದ ಪುಟ್ಟ ಕೇಂದ್ರಕ್ಕೆ ಚಿಕಿತ್ಸೆಗಾಗಿ ಎಲೆಕ್ಟ್ರೋಡ್ ಇಳಿಸುವಾಗ ಅನೇಕ ಕಡೆ ರೋಗಿಯನ್ನು ಎಚ್ಚರವಾಗಿಯೇ ಇಟ್ಟಿರುತ್ತಾರೆ. ಮಿದುಳಿಗೆ ನೋವು ತಿಳಿಯದು. ನರಕೋಶಗಳ ಮಿಡಿತವನ್ನು ಸ್ಪೀಕರಿಗೆ ಕೊಟ್ಟರೆ ಕೋಣೆ ತುಂಬ ಚಟಪಟ ಸದ್ದು. ಡಾಕ್ಟರು ರೋಗಿಯ ಮಣಿಕಟ್ಟನ್ನು ಮಡಿಸಿ ಬಿಡಿಸಿದರೆ ಆ ಸದ್ದಿನ ಗತಿ ಬದಲಾಗುತ್ತದೆ. ಹೀಗೆ ಎಲೆಕ್ಟ್ರೋಡ್ ಅಳವಡಿಸಿಕೊಂಡವರಲ್ಲೇ ಲಂಡನ್ನಿನ ಪೀಟರ್ ಬ್ರೌನ್ ಮತ್ತು ಸಂಗಡಿಗರು ಅಲೆಗಳನ್ನು ದಾಖಲಿಸಿ 2001ರಲ್ಲಿ ಪ್ರಕಟಿಸಿದರು. ಡೋಪಮಿನ್ ಕೊರತೆ ತುಂಬುವ ಲೆವೊಡೋಪಾ ಮಾತ್ರೆ ಇಲ್ಲದಾಗ ಬೀಟಾ ಮೇಲುಗೈ; ಮಾತ್ರೆ ಕೆಲಸ ಮಾಡಿದಾಗ ಅದು ಇಳಿದು, ಸುಮಾರು 70 ಹರ್ಟ್ಸಿನ, ಅಂದರೆ ಸೆಕೆಂಡಿಗೆ 70 ಬಾರಿ ಏರಿಳಿಯುವ, ವೇಗದ ಅಲೆ ಮೇಲೇಳುತ್ತದೆ.

ಬೀಟಾ ಬರೀ ಜೊತೆಗಿರುವ ಲಕ್ಷಣವೋ, ನಿಧಾನಕ್ಕೆ ಕಾರಣವೋ? ಆರೋಗ್ಯವಂತರ ನೆತ್ತಿಯ ಮೇಲಿಂದ 20 ಹರ್ಟ್ಸ್ ವೇಗದಲ್ಲಿ ತೀರ ಸಣ್ಣ ವಿದ್ಯುತ್ ಹರಿಸಿದಾಗ ಅವರ ಕೈಚಲನೆಯೂ ತುಸು ನಿಧಾನವಾಯಿತು. ಹಾಗಾಗಿ ಅದಕ್ಕೆ ಕಾರಣದ ಪಾಲೂ ಇದೆ ಎನ್ನಬಹುದು. ಆದರೆ ಬೀಟಾ ಹೊಂದುವುದು ನಿಧಾನಗತಿಗೆ ಮತ್ತು ಬಿಗಿತಕ್ಕೆ. ಸೆಕೆಂಡಿಗೆ 4ರಿಂದ 6 ಬಾರಿ ಬರುವ ನಡುಕದ ದಾರಿ ಬೇರೆ, ಅದರಲ್ಲಿ ಕಿರುಮಿದುಳಿನ ಪಾತ್ರವೂ ಇದೆ. ಒಂದೇ ಅಲೆಯಿಂದ ಇಡೀ ಕಾಯಿಲೆಯನ್ನು ವಿವರಿಸಲು ಹೊರಟರೆ ತಪ್ಪಾಗುತ್ತದೆ.

ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ 1987ರಲ್ಲಿ ಆಲಿಂ ಲೂಯಿ ಬೆನಾಬಿದ್ ಮಿದುಳಿನೊಳಗೆ ವೇಗದ ವಿದ್ಯುತ್ ಮಿಡಿತ ಕೊಟ್ಟರೆ ನಡುಕ ನಿಲ್ಲುವುದನ್ನು ಕಂಡರು. ಬೀಟಾದ ವಿಷಯ ಆಗ ಯಾರ ತಲೆಯಲ್ಲೂ ಇರಲಿಲ್ಲ. ಸಬ್‌ಥಲಾಮಿಕ್ ನ್ಯೂಕ್ಲಿಯಸ್ಸಿಗೆ ಸೆಕೆಂಡಿಗೆ 130ರ ಆಸುಪಾಸಿನ ಮಿಡಿತ ಕೊಟ್ಟರೆ ಬೀಟಾ ತಗ್ಗುತ್ತದೆ ಎಂಬುದು ಆಮೇಲೆ ತಿಳಿಯಿತು. ಬೆಂಗಳೂರಿನ ನಿಮ್ಹಾನ್ಸ್ ಸೇರಿ ನಮ್ಮಲ್ಲೂ ಈ ಚಿಕಿತ್ಸೆ ಇದೆ. ಎದೆಯ ಚರ್ಮದಡಿ ಕೂತು ಈ ಮಿಡಿತ ಕಳಿಸುವ ಸಾಧನ ಮೊದಲು ಹಗಲೂ ರಾತ್ರಿ ಒಂದೇ ಸಮನೆ ಮಿಡಿಯುತ್ತಿತ್ತು. ಈಗ ಅದಕ್ಕೆ ಕೇಳುವ ಶಕ್ತಿಯೂ ಬಂದಿದೆ: ಬೀಟಾ ಏರಿದರೆ ವಿದ್ಯುತ್ ಹೆಚ್ಚಿಸಿ, ಇಳಿದರೆ ಕಡಿಮೆ ಮಾಡುವ ಸಾಧನಕ್ಕೆ ಅಮೆರಿಕ 2025ರಲ್ಲಿ ಒಪ್ಪಿಗೆ ಕೊಟ್ಟಿತು.

ಇದು ಎಲ್ಲರಿಗೂ ಆಗಿಬರುವ ಚಿಕಿತ್ಸೆಯಲ್ಲ. ಮಾತಿನ ತೊದಲು, ಆಯ ತಪ್ಪುವ ನಡಿಗೆ ಇದರಿಂದ ಅಷ್ಟಾಗಿ ಸುಧಾರಿಸುವುದಿಲ್ಲ, ಕೆಲವರಲ್ಲಿ ಮಾತು ಇನ್ನಷ್ಟು ಕೆಡುವುದೂ ಉಂಟು. ಡೋಪಮಿನ್ ಕೋಶಗಳ ಸಾವನ್ನು ತಡೆಯುವ ಮದ್ದು ಇನ್ನೂ ಸಿಕ್ಕಿಲ್ಲ.