ಸಾಲ ತೀರಿತು, ಇನ್ನೇನು?

ಕಳೆದ ವರ್ಷ ರಮಝಾನ್‌ಗೆ ಕೆಲವು ದಿನ ಮೊದಲು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. "ಟೀಚರ್, ಇವತ್ತು ಕೊನೆಯ ಕಂತು ಕಟ್ಟಿದೆ. ಇನ್ನು ನಮಗೆ ಯಾರ ಸಾಲವೂ ಇಲ್ಲ" ಎಂದಳು. ಮಾತನಾಡುತ್ತಲೇ ಅತ್ತುಬಿಟ್ಟಳು. ನಾನು ಅಲ್‌ಹಮ್ದುಲಿಲ್ಲಾಹ್ ಎಂದೆ. "ಇನ್ನು ನೆಮ್ಮದಿಯಾಗಿರು ಮಗಳೇ" ಎಂದು ಹೇಳಿ ಫೋನ್ ಇಟ್ಟೆ. ವಿಷಯ ಅಲ್ಲಿಗೆ ಮುಗಿಯಿತೆಂದು ಭಾವಿಸಿದ್ದೆ.

ಆದರೆ ಮುಗಿದಿರಲಿಲ್ಲ. ಈದ್ ಕಳೆದು ಎರಡು ತಿಂಗಳಾದ ಮೇಲೆ ಅವಳು ಮನೆಗೆ ಬಂದಳು. ಚಹಾ ಕೊಟ್ಟರೂ ಕುಡಿಯದೆ ಕುಳಿತಿದ್ದಳು. "ಟೀಚರ್, ಸಾಲ ಇದ್ದಾಗ ಏನು ಮಾಡಬೇಕೆಂದು ಗೊತ್ತಿತ್ತು. ಈಗ ಗೊತ್ತಾಗುತ್ತಿಲ್ಲ" ಎಂದಳು.

ಅವಳಿಗೆ 26 ವರ್ಷ. ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನೀಷಿಯನ್. ಉಪ್ಪ ರಿಕ್ಷಾ ಓಡಿಸುತ್ತಿದ್ದವರು. ಅಕ್ಕನ ಮದುವೆಗೆ ಉಮ್ಮನ ಚಿನ್ನ ಅಡವಿಗೆ ಹೋಯಿತು. ಹಾಲ್ ಮತ್ತು ಊಟಕ್ಕೆ ಕೈಸಾಲ. ಅದರ ಹಿಂದೆಯೇ ಉಪ್ಪನಿಗೆ ಹೃದಯದ ಕಾಯಿಲೆ, ಆಸ್ಪತ್ರೆಯ ಬಿಲ್ಲಿಗೆ ಉಮ್ಮನ ಹೆಸರಲ್ಲಿ ಗುಂಪಿನ ಸಾಲ. 20ನೆಯ ವಯಸ್ಸಿನಲ್ಲಿ 8,000 ರೂಪಾಯಿ ಸಂಬಳಕ್ಕೆ ಸೇರಿದ ಹುಡುಗಿಯ ಹೆಗಲಿಗೆ ಇದೆಲ್ಲ ಬಿತ್ತು. ಮೊದಲ ಎರಡು ವರ್ಷ ಚಿನ್ನದ ಸಾಲಕ್ಕೆ ಬಡ್ಡಿ ಮಾತ್ರ ಕಟ್ಟಿ ನವೀಕರಿಸಲು ಸಾಧ್ಯವಾಯಿತು. 2 ಲಕ್ಷಕ್ಕೆ ಶೇಕಡಾ 12ರಂತೆ ವರ್ಷಕ್ಕೆ 24,000. ಎರಡು ವರ್ಷದಲ್ಲಿ 48,000 ರೂಪಾಯಿ ಹೋದರೂ ಅಸಲಿನಲ್ಲಿ ಒಂದು ರೂಪಾಯಿಯೂ ಇಳಿಯಲಿಲ್ಲ. ಬಡ್ಡಿ ಎಂದರೇನೆಂದು ನಾನು ಮದ್ರಸದಲ್ಲಿ ಅವಳಿಗೆ ಕಲಿಸಿದ್ದೆ. ಅದು ಹೇಗಿರುತ್ತದೆಂದು ಅವಳು ಈ ಎರಡು ವರ್ಷಗಳಲ್ಲಿ ಕಲಿತಳು.

ಈಗ ಸಂಬಳ 21,000. ಕಂತಿಗೆ ಹೋಗುತ್ತಿದ್ದ 9,000 ರೂಪಾಯಿ ಕೈಯಲ್ಲಿ ಉಳಿಯುತ್ತದೆ. ಸಂತೋಷಪಡಬೇಕಾದ ಹೊತ್ತು. ಆದರೆ ಅವಳು ಹೇಳಿದ ಎರಡು ಘಟನೆಗಳು ನನ್ನನ್ನು ಯೋಚನೆಗೆ ಹಚ್ಚಿದವು.

ಮುಷ್ಟಿ ಬಿಗಿದ ಕೈ, ತೆರೆದ ಕೈ

ಅವಳ ಚಪ್ಪಲಿ ಹರಿದಿತ್ತು. ಅಂಗಡಿಗೆ ಹೋಗಿ 350 ರೂಪಾಯಿಯ ಒಂದು ಜೊತೆ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಳು. ಕೊನೆಗೆ ಇಟ್ಟು ಬಂದಳು. ಹಳೆಯದನ್ನೇ ಹೊಲಿಸಿಕೊಂಡಳು. ಅದೇ ವಾರ ತಮ್ಮ ಮೊಬೈಲ್ ಬೇಕೆಂದು ಕೇಳಿದ. ಮರುಮಾತಿಲ್ಲದೆ 15,000 ಕೊಟ್ಟಳು. "ಅವನಿಗೆ ಇಲ್ಲ ಎನ್ನಲು ಈಗ ಕಾರಣವೇ ಇಲ್ಲವಲ್ಲ ಟೀಚರ್. ಮೊದಲಾದರೆ ಕಂತು ಇದೆ ಎನ್ನುತ್ತಿದ್ದೆ" ಎಂದಳು.

ಸಾಲ ಅವಳ ಕೊರಳಿಗೆ ಭಾರವೂ ಆಗಿತ್ತು, ಮನೆಗೆ ಬೇಲಿಯೂ ಆಗಿತ್ತು. ಭಾರ ಇಳಿಯಿತು, ಜೊತೆಗೆ ಬೇಲಿಯೂ ಬಿತ್ತು. ತನ್ನ ವಿಷಯದಲ್ಲಿ ಕೈ ಮುಷ್ಟಿ ಬಿಗಿದೇ ಇತ್ತು. ಬೇರೆಯವರ ವಿಷಯದಲ್ಲಿ ಅಳತೆ ತಪ್ಪಿ ತೆರೆದುಕೊಂಡಿತು. ಪವಿತ್ರ ಕುರ್‌ಆನ್ ಅಲ್ ಇಸ್ರಾ ಅಧ್ಯಾಯದ 29ನೇ ಸೂಕ್ತದಲ್ಲಿ ಕೈಯನ್ನು ಕೊರಳಿಗೆ ಕಟ್ಟಿಕೊಳ್ಳುವುದನ್ನೂ ಪೂರ್ತಿ ಚಾಚಿಬಿಡುವುದನ್ನೂ ಒಟ್ಟಿಗೇ ತಡೆದಿದೆ. ಒಬ್ಬರು ಜಿಪುಣರು, ಇನ್ನೊಬ್ಬರು ದುಂದುಗಾರರು ಎಂದೇ ನಾವು ಅದನ್ನು ಓದುತ್ತೇವೆ. ಒಬ್ಬಳೇ ಹುಡುಗಿಯಲ್ಲಿ, ಒಂದೇ ವಾರದಲ್ಲಿ ಎರಡೂ ಇರಬಹುದೆಂದು ನನಗೆ ಅಂದು ತಿಳಿಯಿತು.

ಜಾಬಿರ್(ರ)ರ ಮನೆ

ನಾನು ಅವಳಿಗೆ ಜಾಬಿರ್ ಬಿನ್ ಅಬ್ದುಲ್ಲಾ(ರ)ರ ಕಥೆಯನ್ನು ನೆನಪಿಸಿದೆ. ಹಿಜರಿ 3ರಲ್ಲಿ, ಅಂದರೆ ಕ್ರಿ.ಶ. 625ರಲ್ಲಿ, ಅವರ ತಂದೆ ಉಹುದ್‌ನಲ್ಲಿ ಹುತಾತ್ಮರಾದರು. ಯುವಕ ಜಾಬಿರ್‌ರ ಪಾಲಿಗೆ ಬಂದದ್ದು ಖರ್ಜೂರದ ಸಾಲ ಮತ್ತು ಹಲವು ಮಂದಿ ಸಹೋದರಿಯರು. ಸಾಲ ಕೊಟ್ಟವರು ಒಂದಿಷ್ಟೂ ಬಿಡಲು ಒಪ್ಪಲಿಲ್ಲ. ಪ್ರವಾದಿವರ್ಯರು(ಸ) ತೋಟಕ್ಕೆ ಬಂದು ಸಮೃದ್ಧಿಗಾಗಿ ಪ್ರಾರ್ಥಿಸಿದರು. ಆ ವರ್ಷದ ಫಸಲಿನಲ್ಲಿ ಸಾಲವೂ ತೀರಿತು, ಮನೆಗೂ ಖರ್ಜೂರ ಉಳಿಯಿತು.

ಪವಾಡದ ಭಾಗ ನಮಗೆಲ್ಲ ಗೊತ್ತು. ಇದೇ ಯುವಕನ ಜೀವನದ ಇನ್ನೆರಡು ವಿಷಯಗಳನ್ನು ಅದರ ಜೊತೆಗಿಟ್ಟು ನೋಡಬೇಕು. ಜಾಬಿರ್(ರ) ಮದುವೆಯಾದಾಗ ತನ್ನ ವಯಸ್ಸಿನ ಕನ್ಯೆಯನ್ನು ಆರಿಸಲಿಲ್ಲ. ಮೊದಲೇ ಮದುವೆಯಾಗಿದ್ದ ಅನುಭವಿ ಹೆಣ್ಣನ್ನು ಆರಿಸಿದರು. ಸಹೋದರಿಯರ ತಲೆ ಬಾಚಿ ಅವರನ್ನು ನೋಡಿಕೊಳ್ಳುವವರು ಬೇಕು ಎಂಬುದು ಅವರ ಕಾರಣ. ಪ್ರವಾದಿವರ್ಯರು(ಸ) ಅದನ್ನು ಮೆಚ್ಚಿದರು. ಇನ್ನೊಮ್ಮೆ ಪ್ರಯಾಣದಲ್ಲಿ ಅವರ ಬಳಲಿದ ಒಂಟೆಯನ್ನು ಪ್ರವಾದಿವರ್ಯರು(ಸ) ಬೆಲೆ ಕಟ್ಟಿ ಕೊಂಡರು. ಮದೀನ ತಲುಪಿದ ಮೇಲೆ ಬೆಲೆಯನ್ನೂ ಕೊಟ್ಟು ಒಂಟೆಯನ್ನೂ ಹಿಂತಿರುಗಿಸಿದರು.

ಈ ಯುವಕ ಮನೆಯ ಹೊಣೆ ಮರೆಯಲಿಲ್ಲ. ಹಾಗೆಂದು ತನ್ನ ಬದುಕನ್ನು ನಿಲ್ಲಿಸಲೂ ಇಲ್ಲ. ಮದುವೆಯಾದರು, ವ್ಯವಹಾರ ಮಾಡಿದರು, ವಿದ್ಯೆ ಗಳಿಸಿದರು. ಸಾವಿರದ ಐನೂರಕ್ಕೂ ಹೆಚ್ಚು ಹದೀಸ್‌ಗಳು ಅವರಿಂದ ನಮಗೆ ತಲುಪಿವೆ.

ಮೊದಲು ಹಳೆಯ ಬಾಗಿಲು ಮುಚ್ಚಿ

"ಕೊನೆಯ ಕಂತು ಕಟ್ಟಿದ ಮೇಲೆ ಕಾಗದ ತಂದಿಯಾ?" ಎಂದು ಕೇಳಿದೆ. ಚಿನ್ನ ಬಂದಿದೆ ಎಂದಳು. ಕೈಸಾಲಕ್ಕೆ ಕೊಟ್ಟಿದ್ದ ಖಾಲಿ ಚೆಕ್ ಎರಡು ಇನ್ನೂ ಅವರ ಬಳಿಯೇ ಇತ್ತು! ಅಲ್ ಬಕರ ಅಧ್ಯಾಯದ 282ನೇ ಸೂಕ್ತ ಕುರ್‌ಆನಿನಲ್ಲೇ ಅತಿ ಉದ್ದದ ಸೂಕ್ತ. ಅದು ಸಾಲವನ್ನು ಸಾಕ್ಷಿ ಸಮೇತ ಬರೆದಿಡುವ ಬಗ್ಗೆ ಇದೆ. ಕೊಡುವಾಗ ಬರಹ ಬೇಕೆಂದಾದರೆ ತೀರಿದಾಗಲೂ ಬೇಕು.

ಸಾಲ ತೀರಿಸಿದ ಎಲ್ಲರೂ ಇಷ್ಟನ್ನು ಮಾಡಲೇಬೇಕು. ಬಾಕಿ ಇಲ್ಲ ಎಂಬ ಪತ್ರವನ್ನು ಸಂಸ್ಥೆಯಿಂದ ಪಡೆಯಿರಿ. ಚಿನ್ನವನ್ನು ಅಲ್ಲೇ ತೂಗಿ, ಅಡವಿನ ಚೀಟಿಯೊಂದಿಗೆ ಹೋಲಿಸಿ ನೋಡಿ. ಖಾಲಿ ಚೆಕ್, ಪ್ರಾಮಿಸರಿ ನೋಟ್ ವಾಪಸ್ ಪಡೆದು ಹರಿದುಹಾಕಿ. ಬ್ಯಾಂಕಿಗೆ ಮನೆಪತ್ರ ಕೊಟ್ಟಿದ್ದರೆ, ಸಾಲ ತೀರಿದ 30 ದಿನಗಳೊಳಗೆ ಅದನ್ನು ಹಿಂತಿರುಗಿಸಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ನಿಯಮ ಮಾಡಿದೆ. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಸಿಬಿಲ್‌ನಂತಹ ಸಂಸ್ಥೆಗಳು ವರ್ಷಕ್ಕೊಮ್ಮೆ ನಮ್ಮ ಸಾಲದ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅದರಲ್ಲಿ ತೀರಿದ ಸಾಲ ಇನ್ನೂ ಬಾಕಿ ಎಂದು ಇದೆಯೇ ನೋಡಿಕೊಳ್ಳಿ.

ಬೇರೆಯವರ ಸಾಲಕ್ಕೆ ಸಹಿ

ಸಾಲ ತೀರಿದ ಸುದ್ದಿ ಊರಲ್ಲಿ ಬೇಗ ಹಬ್ಬುತ್ತದೆ. ಉಮ್ಮನ ತಂಗಿ ಒಂದು ದಿನ ಬಂದು, ಮಗನ ಬೈಕಿನ ಸಾಲಕ್ಕೆ ಜಾಮೀನು ಸಹಿ ಹಾಕಬೇಕೆಂದು ಕೇಳಿದ್ದರು. "ನೀನೇನೂ ಹಣ ಕೊಡಬೇಕಾಗಿಲ್ಲ, ಒಂದು ಸಹಿ ಅಷ್ಟೇ" ಎಂದಿದ್ದರು.

ಒಂದು ಸಹಿ ಅಷ್ಟೇ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಶರೀಅತ್‌ನಲ್ಲೂ ಜಾಮೀನು ನಿಂತವನಿಂದ ಹಣ ಕೇಳುವ ಹಕ್ಕು ಸಾಲ ಕೊಟ್ಟವನಿಗಿದೆ. ಮೃತರೊಬ್ಬರ ಸಾಲವನ್ನು ಅಬೂ ಕತಾದ(ರ) ವಹಿಸಿಕೊಂಡ ಮೇಲೆಯೇ ಪ್ರವಾದಿವರ್ಯರು(ಸ) ಅವರ ಜನಾಝ ನಮಾಝ್ ನಿರ್ವಹಿಸಿದರೆಂಬ ಹದೀಸ್ ನಮಗೆ ಗೊತ್ತು. ಜಾಮೀನು ಅಷ್ಟು ದೊಡ್ಡ ಮಾತು. ತಾನೇ ಕಟ್ಟಲು ಸಾಧ್ಯವಿರುವಷ್ಟು ಮೊತ್ತಕ್ಕೆ, ಕಟ್ಟಬೇಕಾಗಿ ಬಂದರೆ ಬೇಸರವಿಲ್ಲ ಎಂಬಂತಹವರಿಗೆ ಮಾತ್ರ ಸಹಿ ಹಾಕಬೇಕು. ಬೈಕಿನ ಬಡ್ಡಿ ಸಾಲಕ್ಕಂತೂ ಬೇಡವೇ ಬೇಡ.

9,000 ರೂಪಾಯಿಯ ಲೆಕ್ಕ

ನಾವಿಬ್ಬರೂ ಕಾಗದ ಪೆನ್ನು ಹಿಡಿದು ಕುಳಿತೆವು. ಆರು ವರ್ಷ ಕಂತು ಕಟ್ಟಿದ ಕೈಗೆ ಕಟ್ಟುವ ಅಭ್ಯಾಸವಿದೆ. ಅದನ್ನು ಬಿಡಬಾರದು. ಕಟ್ಟುವ ವಿಳಾಸ ಮಾತ್ರ ಬದಲಾಗಬೇಕು.

4,000 ರೂಪಾಯಿ ಆಪತ್ಕಾಲಕ್ಕೆ. ಕಂತು ಕಳೆದು 12,000ದಲ್ಲಿ ಮನೆ ನಡೆಯುತ್ತಿತ್ತು. ಆರು ತಿಂಗಳ ಖರ್ಚೆಂದರೆ 72,000. ತಿಂಗಳಿಗೆ 4,000 ಇಟ್ಟರೆ 18 ತಿಂಗಳಲ್ಲಿ ಅಷ್ಟಾಗುತ್ತದೆ. ಉಪ್ಪನ ಕಾಯಿಲೆಯ ದಿನ ಇಂತಹ ಹಣ ಇದ್ದಿದ್ದರೆ ಗುಂಪಿನ ಸಾಲ ಅಷ್ಟು ದೊಡ್ಡದಾಗುತ್ತಿರಲಿಲ್ಲ. 2,000 ಅವಳ ಮುಂದಿನ ಓದಿಗೆ. ಡಿಪ್ಲೊಮಾದಲ್ಲಿ ನಿಂತ ಓದನ್ನು ಪದವಿಯವರೆಗೆ ಒಯ್ಯುವ ಆಸೆ ಅವಳಿಗಿತ್ತು. 1,500 ಉಪ್ಪ ಉಮ್ಮನಿಗೆ, ಮನೆ ಖರ್ಚಿನ ಮೇಲೆ. 500 ಸದಕಕ್ಕೆ. ಉಳಿದ 1,000 ಅವಳ ಸ್ವಂತಕ್ಕೆ, ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲದ್ದು. ಈ ಕೊನೆಯ ಸಾಲು ಬರೆಯಲು ಅವಳ ಕೈ ಹಿಂಜರಿಯಿತು. ನಾನೇ ಬರೆದೆ.

ಹಣ ಎಲ್ಲಿಡುವುದೆಂಬ ಪ್ರಶ್ನೆಯೂ ಬಂತು. ನೆರೆಮನೆಯವರು "ಹಲಾಲ್ ಲಾಭ" ಕೊಡುವ ಯಾವುದೋ ವ್ಯವಹಾರದ ವಿಷಯ ಹೇಳಿದ್ದರಂತೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ ಬಾಗಿಲು ಮುಚ್ಚಿದಾಗ ಸಾವಿರಾರು ಮುಸ್ಲಿಂ ಕುಟುಂಬಗಳ ಉಳಿತಾಯ ಹೋಯಿತು. ಆಭರಣ ಮಾರಿ ಹಣ ಹಾಕಿದ ಹೆಂಗಸರೂ ಅವರಲ್ಲಿದ್ದರು. ಶರೀಅತ್ ಪ್ರಕಾರ ಪಾಲುದಾರಿಕೆಯ ವ್ಯಾಪಾರದಲ್ಲಿ ಹಣ ಹಾಕಿದವನಿಗೆ ನಷ್ಟದ ಸಾಧ್ಯತೆಯೂ ಇರಲೇಬೇಕು. ತಿಂಗಳಿಗೆ ಇಷ್ಟು ಖಚಿತ, ನಷ್ಟವಿಲ್ಲ ಎಂದು ಯಾರಾದರೂ ಹೇಳಿದರೆ, ಹಲಾಲ್ ಎಂಬ ಪದ ಎಷ್ಟು ದೊಡ್ಡದಾಗಿ ಬರೆದಿದ್ದರೂ, ಅಲ್ಲಿಂದ ಎದ್ದು ಬನ್ನಿ.

ಆಪತ್ಕಾಲದ ಹಣ ಲಾಭಕ್ಕಲ್ಲ, ಭದ್ರತೆಗೆ. ಅದು ಬ್ಯಾಂಕಿನಲ್ಲಿರಲಿ. 2020ರ ಫೆಬ್ರವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬರ 5 ಲಕ್ಷದವರೆಗಿನ ಠೇವಣಿಗೆ ವಿಮೆ ಇದೆ. ಸಹಕಾರಿ ಬ್ಯಾಂಕಿಗೂ ಇದು ಅನ್ವಯಿಸುತ್ತದೆ. ಆದರೆ ಬ್ಯಾಂಕ್ ಅಲ್ಲದ ಸಹಕಾರ ಸಂಘಗಳಿಗೆ ಈ ವಿಮೆ ಇಲ್ಲ. ಖಾತೆಗೆ ಬೀಳುವ ಬಡ್ಡಿಯನ್ನು ಬಳಸದೆ, ಪುಣ್ಯದ ನಿರೀಕ್ಷೆ ಇಲ್ಲದೆ ಬಡವರಿಗೆ ಕೊಟ್ಟುಬಿಡಬೇಕೆಂದು ನಮ್ಮ ಅನೇಕ ವಿದ್ವಾಂಸರು ಹೇಳುತ್ತಾರೆ.

ಮಗಳ ದುಡಿಮೆ ಯಾರದು?

ಅವಳ ಮನಸ್ಸಿನ ದೊಡ್ಡ ಭಾರ ಬೇರೆಯೇ ಇತ್ತು. ಮನೆಯಲ್ಲಿ ಅವಳ ಮದುವೆಯ ಮಾತು ಶುರುವಾಗಿತ್ತು. ಬಿಡಿಸಿ ತಂದ ಚಿನ್ನವನ್ನು ಮತ್ತೆ ಅಡವಿಟ್ಟು "ಅಕ್ಕನಿಗೆ ಮಾಡಿದ ಹಾಗೆಯೇ" ಮಾಡಬೇಕೆಂದು ಉಮ್ಮ ಹೇಳಿದ್ದರು. "ಆ ಸಾಲವನ್ನೂ ನಾನೇ ತೀರಿಸಬೇಕಾಗಬಹುದು ಟೀಚರ್. ಗಂಡನ ಮನೆಯಿಂದ" ಎಂದಳು. ನಾನು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಅನ್ನಿಸಾ ಅಧ್ಯಾಯದ 32ನೇ ಸೂಕ್ತ, ಹೆಣ್ಣು ಗಳಿಸಿದ್ದರಲ್ಲಿ ಅವಳಿಗೆ ಪಾಲಿದೆ ಎನ್ನುತ್ತದೆ. ಅದೇ ಅಧ್ಯಾಯದ 4ನೇ ಸೂಕ್ತ ಮಹ್ರ್ ಅವಳಿಗೆ ಸಲ್ಲಬೇಕೆನ್ನುತ್ತದೆ. ಮದುವೆಯಲ್ಲಿ ಹಣ ಬರಬೇಕಾದ್ದು ಹೆಣ್ಣಿನ ಕಡೆಗೆ. ನಾವು ಅದನ್ನು ತಿರುಗಿಸಿ, ಅದಕ್ಕಾಗಿ ಬಡ್ಡಿಗೆ ಚಿನ್ನ ಇಡುತ್ತಿದ್ದೇವೆ. ಬಡ ತಂದೆ ತಾಯಿಯ ಪಾಲನೆ ಶಕ್ತಳಾದ ಮಗಳ ಮೇಲೂ ಇದೆ, ನಿಜ. ಆದರೆ ತಮ್ಮನ ಮೊಬೈಲ್, ಬಂಧುಗಳ ಬೈಕ್, ಮದುವೆ ಹಾಲಿನ ದೀಪಾಲಂಕಾರ ಅವಳ ಮೇಲಿನ ಹೊಣೆಯಲ್ಲ. ಕೊಟ್ಟರೆ ಅದು ಅವಳ ಔದಾರ್ಯ. ಇಬ್ನು ಮಸ್‌ಊದ್(ರ)ರ ಪತ್ನಿ ಝೈನಬ್(ರ) ತನ್ನ ಹಣವನ್ನು ಬಡ ಪತಿಗೂ ತನ್ನ ಪಾಲನೆಯಲ್ಲಿದ್ದ ಅನಾಥರಿಗೂ ಕೊಡಬಹುದೇ ಎಂದು ಕೇಳಿಸಿದಾಗ, ಎರಡು ಪುಣ್ಯವಿದೆ, ಒಂದು ಸಂಬಂಧದ್ದು ಒಂದು ದಾನದ್ದು ಎಂದು ಪ್ರವಾದಿವರ್ಯರು(ಸ) ತಿಳಿಸಿದರು. ಅದು ಅವರ ಹಣವೆಂದು ಒಪ್ಪಿಕೊಂಡದ್ದರಿಂದಲೇ ಅದಕ್ಕೆ ದಾನದ ಪುಣ್ಯ.

ಮರುವಾರ ನಾನು ಅವರ ಮನೆಗೆ ಹೋದೆ. ಉಮ್ಮ ಮೊದಲು ಮುಖ ಬಿಗಿದರು. "ಚಿಕ್ಕವಳಿಗೆ ಕಡಿಮೆ ಮಾಡಿದರೆ ಜನ ಏನೆನ್ನುತ್ತಾರೆ?" ಎಂದರು. ಉಪ್ಪ ಮಾತ್ರ ಮೆಲ್ಲಗೆ, "ಆರು ವರ್ಷ ಜನ ಒಂದು ಕಂತೂ ಕಟ್ಟಲಿಲ್ಲವಲ್ಲ" ಎಂದರು. ಮಾತು ಅಂದು ಮುಗಿಯಲಿಲ್ಲ. ಚಿನ್ನ ಮಾತ್ರ ಇಂದಿಗೂ ಮನೆಯಲ್ಲೇ ಇದೆ.

ಮೊದಲ ಝಕಾತ್

ತೌಬಾ ಅಧ್ಯಾಯದ 60ನೇ ಸೂಕ್ತ ಝಕಾತ್ ಪಡೆಯಬಹುದಾದ ಎಂಟು ವರ್ಗದವರನ್ನು ಹೇಳುತ್ತದೆ. ಸಾಲದಲ್ಲಿ ಮುಳುಗಿದವರು ಅವರಲ್ಲೊಬ್ಬರು. ನಿನ್ನೆಯವರೆಗೆ ಆ ಸಾಲಿನಲ್ಲಿದ್ದವರು ನಾಳೆ ಕೊಡುವ ಸಾಲಿಗೆ ಬರುತ್ತಾರೆ. ಉಳಿತಾಯ ನಿಸಾಬ್ ತಲುಪಿ ಚಾಂದ್ರಮಾನ ವರ್ಷ ಪೂರ್ತಿಯಾದರೆ ಶೇಕಡಾ ಎರಡೂವರೆ, ಅಂದರೆ ಲಕ್ಷಕ್ಕೆ 2,500 ಕೊಡಬೇಕು. ನಿಸಾಬ್ ಸುಮಾರು 85 ಗ್ರಾಂ ಚಿನ್ನ ಅಥವಾ 595 ಗ್ರಾಂ ಬೆಳ್ಳಿಯ ಲೆಕ್ಕ. ಧರಿಸುವ ಆಭರಣಕ್ಕೆ ಮಿತಿಯೊಳಗಿದ್ದರೆ ಶಾಫಿಈ ಮದ್‌ಹಬ್‌ನಲ್ಲಿ ಝಕಾತ್ ಇಲ್ಲ, ಹನಫಿಯಲ್ಲಿ ಇದೆ. ನಿಮ್ಮ ಊರಿನ ವಿದ್ವಾಂಸರಲ್ಲಿ ಕೇಳಿ ನಿರ್ಧರಿಸಿ.

ಅವಳ ಉಳಿತಾಯ ಇನ್ನೂ ಅಲ್ಲಿಗೆ ತಲುಪಿಲ್ಲ. ಆದರೆ ತಿಂಗಳ 500 ರೂಪಾಯಿಯನ್ನು ತನ್ನ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಗೆ ಹಣವಿಲ್ಲದೆ ಹಿಂತಿರುಗುವವರಿಗೆ ಕೊಡುತ್ತಿದ್ದಾಳೆ. ಮೊನ್ನೆ ಬಂದಾಗ ಹೊಸ ಚಪ್ಪಲಿ ಹಾಕಿದ್ದಳು. ನಾನು ನೋಡಿದ್ದನ್ನು ಗಮನಿಸಿ, "ಅದೇ 350ರದ್ದು ಟೀಚರ್" ಎಂದು ನಕ್ಕಳು.

ತಾಯಂದಿರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮಗನೋ ಮಗಳೋ ಮನೆಯ ಸಾಲ ತೀರಿಸಿದ ದಿನ, ಮುಂದಿನ ಖರ್ಚಿನ ಪಟ್ಟಿಯನ್ನು ತಕ್ಷಣ ತೆಗೆಯಬೇಡಿ. ಊಟ ಬಡಿಸಿ, ಹತ್ತಿರ ಕುಳಿತು, "ನಿನಗೇನು ಬೇಕು ಮಗಾ?" ಎಂದು ಒಮ್ಮೆ ಕೇಳಿ. ಇಷ್ಟು ವರ್ಷ ಅವರನ್ನು ಯಾರೂ ಹಾಗೆ ಕೇಳಿರಲಿಕ್ಕಿಲ್ಲ.