ಉಸಿರಿಗೂ ಬೊಜ್ಜಿಗೂ ನಂಟುಂಟೆ?

ಅನ್ನ, ನೀರು, ಗಾಳಿ ಈ ಮೂರೂ ಮನುಷ್ಯನ ಬದುಕಿಗೆ ಆಧಾರ. ಇವುಗಳಲ್ಲಿ ಅನ್ನವನ್ನು ನಾವು ನೋಡಿ ಉಣ್ಣುತ್ತೇವೆ. ಕಾಳನ್ನು ಕೇರಿ, ಕಲ್ಲು ಕಸ ಆರಿಸಿ, ಹಸನು ಮಾಡಿದ ಮೇಲೆಯೇ ಒಲೆಯ ಮೇಲಿಡುತ್ತೇವೆ. ನೀರನ್ನು ಸೋಸಿ ಕುಡಿಯುತ್ತೇವೆ. ಗಾಳಿಯ ವಿಷಯದಲ್ಲಿ ಮಾತ್ರ ಈ ಎಚ್ಚರಕ್ಕೆ ಅವಕಾಶವಿಲ್ಲ. ಎಲ್ಲಿ ಇರುತ್ತೇವೆಯೋ ಅಲ್ಲಿನ ಗಾಳಿಯೇ ನಮಗೆ ಗತಿ. ಬೆಳೆದ ಮನುಷ್ಯನೊಬ್ಬನು ದಿನವೊಂದಕ್ಕೆ ಸುಮಾರು 20,000 ಸಲ ಉಸಿರಾಡುತ್ತಾನೆ. ಆಗ ಅವನ ಶ್ವಾಸಕೋಶವನ್ನು ಹೊಕ್ಕು ಹೊರಬರುವ ಗಾಳಿ 10,000 ಲೀಟರಿಗೂ ಮಿಗಿಲು. ತೂಗಿದರೆ ಅದು ಸುಮಾರು 12 ಕಿಲೋಗ್ರಾಂ. ಉಣ್ಣುವ ಅನ್ನ, ಕುಡಿಯುವ ನೀರು ಎರಡನ್ನೂ ಕೂಡಿಸಿದರೂ ಅಷ್ಟಾಗದು. ಇಷ್ಟು ದೊಡ್ಡ ಮೊತ್ತದಲ್ಲಿ ಒಳಹೋಗುವ ವಸ್ತು ಮಲಿನವಾದರೆ ದೇಹಕ್ಕೆ ಕೇಡು ತಪ್ಪದು. ಕೆಮ್ಮು, ಉಬ್ಬಸ, ಹೃದಯದ ಬೇನೆ ಇವು ಆ ಕೇಡಿನ ಪರಿಚಿತ ರೂಪಗಳು. ಈಚಿನ ಎರಡು ದಶಕಗಳಲ್ಲಿ ವಿಜ್ಞಾನಿಗಳು ಇನ್ನೊಂದು ಪ್ರಶ್ನೆಯನ್ನು ಎತ್ತಿದ್ದಾರೆ: ಮಲಿನವಾದ ಗಾಳಿಯು ಮೈಯಲ್ಲಿ ಬೊಜ್ಜು ಬೆಳೆಯಲು ಕೂಡ ಕಾರಣವಾದೀತೆ?

ಮೊದಲ ನೋಟಕ್ಕೆ ಈ ಪ್ರಶ್ನೆ ವಿಚಿತ್ರವಾಗಿ ತೋರಬಹುದು. ಗಾಳಿ ಕುಡಿದು ಯಾರಾದರೂ ದಪ್ಪಗಾಗುವುದುಂಟೆ ಎಂದು ನೀವು ನಗಬಹುದು. ಆದ್ದರಿಂದ ಬೊಜ್ಜು ಎಂದರೇನು ಎಂಬುದನ್ನು ಮೊದಲು ತಿಳಿಯೋಣ.

ಬೊಜ್ಜು ಎಂದರೆ ಆರೋಗ್ಯಕ್ಕೆ ಬಾಧಕವಾಗುವಷ್ಟು ಕೊಬ್ಬು ದೇಹದಲ್ಲಿ ಸಂಗ್ರಹವಾಗುವುದು. ಇದನ್ನು ಅಳೆಯಲು ಸರಳವಾದ ಒಂದು ಲೆಕ್ಕವಿದೆ. ವ್ಯಕ್ತಿಯ ತೂಕವನ್ನು ಕಿಲೋಗ್ರಾಮಿನಲ್ಲಿಯೂ ಎತ್ತರವನ್ನು ಮೀಟರಿನಲ್ಲಿಯೂ ಅಳೆದು, ತೂಕವನ್ನು ಎತ್ತರದ ವರ್ಗದಿಂದ ಭಾಗಿಸಬೇಕು. 1.60 ಮೀಟರ್ ಎತ್ತರದ ಒಬ್ಬನು 64 ಕಿಲೋಗ್ರಾಂ ತೂಗಿದರೆ ಭಾಗಲಬ್ಧ 25 ಬರುತ್ತದೆ. ವಯಸ್ಕರಲ್ಲಿ ಇದು 25 ಅಥವಾ ಅದಕ್ಕಿಂತ ಹೆಚ್ಚಾದರೆ ತೂಕ ಮಿತಿಮೀರಿದೆ ಎಂದು ಎಣಿಸುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ಈ ಮಿತಿಯನ್ನು ಮುಟ್ಟಿದವರು 2015-16ರಲ್ಲಿ ನೂರಕ್ಕೆ ಸುಮಾರು 23 ಮಂದಿ. 2019-21ರ ಹೊತ್ತಿಗೆ ಅವರ ಸಂಖ್ಯೆ ನೂರಕ್ಕೆ ಸುಮಾರು 30ಕ್ಕೆ ಏರಿತ್ತು. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಹೃದ್ರೋಗ ಇವು ಬೊಜ್ಜಿನ ಬೆನ್ನು ಹಿಡಿದು ಬರುವ ರೋಗಗಳಾದ್ದರಿಂದ ಇದು ಉಪೇಕ್ಷಿಸತಕ್ಕ ಸಂಗತಿಯಲ್ಲ.

ಬೊಜ್ಜಿಗೆ ಕಾರಣವೇನು? ಬಹುಕಾಲದಿಂದ ಇದಕ್ಕೆ ಒಂದೇ ಉತ್ತರವನ್ನು ಹೇಳುತ್ತಾ ಬಂದಿದ್ದೇವೆ. ಉಂಡದ್ದು ಆದಾಯ, ದುಡಿದದ್ದು ವೆಚ್ಚ. ವೆಚ್ಚಕ್ಕಿಂತ ಆದಾಯ ಹೆಚ್ಚಾದರೆ ಉಳಿಕೆ ಕೊಬ್ಬಾಗುತ್ತದೆ. ಈ ಮಾತು ಸುಳ್ಳಲ್ಲ. ಆದರೆ ಯಾವ ಲೆಕ್ಕಕ್ಕೂ ಒಬ್ಬ ಲೆಕ್ಕಿಗನಿರಬೇಕಷ್ಟೆ. ಎಷ್ಟು ಹಸಿಯಬೇಕು, ಎಷ್ಟನ್ನು ಉರಿಸಬೇಕು, ಎಷ್ಟನ್ನು ಕೂಡಿಡಬೇಕು ಎಂಬುದನ್ನು ದೇಹದಲ್ಲಿ ಮೆದುಳು, ಯಕೃತ್ತು, ಇನ್ಸುಲಿನ್ ಮೊದಲಾದ ರಸಗಳು ನಿರ್ಣಯಿಸುತ್ತವೆ. ಈ ಲೆಕ್ಕಿಗರ ಕೈ ತಪ್ಪಿದರೆ ಅದೇ ಊಟ, ಅದೇ ದುಡಿಮೆಯಿದ್ದರೂ ಉಳಿಕೆ ಬೇರೆಯಾಗುತ್ತದೆ. ಹೊಗೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಸೌದೆ, ಕಲ್ಲಿದ್ದಲು, ಡೀಸೆಲ್ ಇವು ಯಾವುವು ಉರಿದರೂ ಕಣ್ಣಿಗೆ ಕಾಣುವ ಮಸಿಯೊಂದಿಗೆ ಕಾಣದ ನುಣುಪಾದ ಕಣಗಳೂ ಹೊರಬೀಳುತ್ತವೆ. ಇವುಗಳಲ್ಲಿ ಎರಡೂವರೆ ಮೈಕ್ರಾನಿಗಿಂತ ಚಿಕ್ಕವಾದ ಕಣಗಳು ಅತ್ಯಂತ ಅಪಾಯಕಾರಿ. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲೊಂದು ಪಾಲಿನಷ್ಟಿರುವ ಈ ಕಣಗಳನ್ನು ಮೂಗಿನ ರೋಮಗಳಾಗಲಿ, ಗಂಟಲಿನ ಲೋಳೆಯಾಗಲಿ ತಡೆಯಲಾರವು. ಅವು ಶ್ವಾಸಕೋಶದ ಕೊನೆಯ ಗಾಳಿಚೀಲಗಳನ್ನು ಸೇರುತ್ತವೆ. ಅತಿ ಸೂಕ್ಷ್ಮವಾದವು ರಕ್ತಕ್ಕೂ ಇಳಿಯುತ್ತವೆ. ಒಂದು ಘನಮೀಟರ್ ಗಾಳಿಯಲ್ಲಿ ಇಂಥ ಕಣಗಳ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶವು 2009ರಲ್ಲಿ ಗೊತ್ತುಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯಾದರೋ 2021ರಲ್ಲಿ ತನ್ನ ಮಿತಿಯನ್ನು 10ರಿಂದ 5ಕ್ಕೆ ಇಳಿಸಿತು.

ಈ ಕಣಗಳಿಗೂ ಕೊಬ್ಬಿಗೂ ಸಂಬಂಧವಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಿದ್ದು ಪ್ರಾಣಿಗಳಲ್ಲಿ. ಅಮೆರಿಕದ ಒಹಾಯೊ ರಾಜ್ಯದ ವಿಜ್ಞಾನಿಗಳು 2009ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಜಿಡ್ಡಿನ ಆಹಾರವನ್ನು ತಿಂದು ಬೆಳೆದ ಚಿಕ್ಕಿಲಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸೋಸಿದ ಗಾಳಿಯನ್ನೂ ಇನ್ನೊಂದಕ್ಕೆ ಸೂಕ್ಷ್ಮ ಕಣಗಳು ತುಂಬಿದ ಗಾಳಿಯನ್ನೂ 24 ವಾರಗಳ ಕಾಲ ಒದಗಿಸಿದರು. ಮಲಿನ ಗಾಳಿಯ ಗುಂಪಿನಲ್ಲಿ ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಿತು. ಇನ್ಸುಲಿನ್ನಿನ ಮಾತನ್ನು ದೇಹ ಕೇಳದಾಯಿತು. 2016ರಲ್ಲಿ ಚೀನದ ಬೀಜಿಂಗ್ ನಗರದ ಗಾಳಿಯನ್ನೇ ಹೀಗೆ ಪರೀಕ್ಷಿಸಿದ ವರದಿ ಬಂತು. ಗರ್ಭ ಧರಿಸಿದ ಇಲಿಗಳನ್ನೂ ಅವುಗಳ ಮರಿಗಳನ್ನೂ ಎರಡು ಕೋಣೆಗಳಲ್ಲಿಟ್ಟು, ಒಂದಕ್ಕೆ ಮಾತ್ರ ಗಾಳಿಯನ್ನು ಸೋಸುವ ಏರ್ಪಾಡು ಮಾಡಿದ್ದರು. ಎಂಟು ವಾರಗಳಾದಾಗ ಸೋಸದ ಗಾಳಿಯಲ್ಲಿ ಬೆಳೆದ ಹೆಣ್ಣುಮರಿಗಳು ನೂರಕ್ಕೆ 10ರಷ್ಟೂ ಗಂಡುಮರಿಗಳು ನೂರಕ್ಕೆ 18ರಷ್ಟೂ ಹೆಚ್ಚು ತೂಗಿದವು.

ಇಲಿಗೆ ಆದದ್ದು ಮನುಷ್ಯನಿಗೂ ಆಗಲೇಬೇಕೆಂದಿಲ್ಲ. ಆದ್ದರಿಂದ ಮನುಷ್ಯರಲ್ಲಿ ನಡೆದ ಅಧ್ಯಯನಗಳನ್ನೂ ನೋಡಬೇಕು. ನ್ಯೂಯಾರ್ಕ್ ನಗರದ ಕೊಲಂಬಿಯ ವಿಶ್ವವಿದ್ಯಾಲಯದ ಸಂಶೋಧಕರು 1998ರಿಂದ 2006ರವರೆಗೆ ಧೂಮಪಾನ ಮಾಡದ 702 ಗರ್ಭಿಣಿಯರನ್ನು ಆರಿಸಿಕೊಂಡರು. ಪ್ರತಿಯೊಬ್ಬಳ ಬೆನ್ನಿಗೂ ಗಾಳಿಯನ್ನು ಅಳೆಯುವ ಸಣ್ಣ ಯಂತ್ರವಿರುವ ಚೀಲವನ್ನು ತೊಡಿಸಿ, ಅವಳು ಎರಡು ದಿನಗಳಲ್ಲಿ ಉಸಿರಾಡಿದ ಗಾಳಿಯಲ್ಲಿ ಹೊಗೆಯ ವಿಷಗಳೆಷ್ಟೆಂದು ಗುರುತಿಸಿದರು. ಹುಟ್ಟಿದ ಮಕ್ಕಳಲ್ಲಿ ಅನೇಕರನ್ನು ವರ್ಷಗಳ ಕಾಲ ಪರೀಕ್ಷಿಸುತ್ತಾ ಬಂದರು. ಅತ್ಯಂತ ಹೆಚ್ಚು ವಿಷವನ್ನು ಉಸಿರಾಡಿದ್ದ ತಾಯಂದಿರ ಮಕ್ಕಳಲ್ಲಿ ಬೊಜ್ಜಿನ ಸಂಭವವು, ಅತ್ಯಂತ ಕಡಿಮೆ ಉಸಿರಾಡಿದ್ದವರ ಮಕ್ಕಳಿಗೆ ಹೋಲಿಸಿದರೆ, ಐದನೆಯ ವರ್ಷದಲ್ಲಿ ಸುಮಾರು 1.8 ಪಟ್ಟು, ಏಳನೆಯ ವರ್ಷದಲ್ಲಿ ಸುಮಾರು 2.3 ಪಟ್ಟು ಇತ್ತೆಂದು 2012ರಲ್ಲಿ ಪ್ರಕಟಿಸಿದರು.

ಇದು ಹೇಗೆ ಸಾಧ್ಯ? ವಿಜ್ಞಾನಿಗಳು ಮುಖ್ಯವಾಗಿ ಮೂರು ದಾರಿಗಳನ್ನು ತೋರಿಸುತ್ತಾರೆ. ಮೊದಲನೆಯದು ಉರಿಯೂತದ ದಾರಿ. ಗಾಳಿಚೀಲವನ್ನು ಹೊಕ್ಕ ಕಣಗಳನ್ನು ಶತ್ರುಗಳೆಂದು ಬಗೆದು ದೇಹದ ರಕ್ಷಕ ಜೀವಕೋಶಗಳು ಹೋರಾಟಕ್ಕೆ ನಿಲ್ಲುತ್ತವೆ. ಆಗ ಅವು ಸ್ರವಿಸುವ ರಾಸಾಯನಿಕಗಳು ರಕ್ತದಲ್ಲಿ ಹರಿದು ಯಕೃತ್ತನ್ನೂ ಕೊಬ್ಬಿನ ಕೋಶಗಳನ್ನೂ ಕದಡುತ್ತವೆ. ಇನ್ಸುಲಿನ್ನಿನ ಆಜ್ಞೆ ನಡೆಯದಂತಾಗುತ್ತದೆ. ಎರಡನೆಯದು ವಿಷದ ದಾರಿ. ಹೊಗೆಯಲ್ಲಿ ಬೆಂಜೊಪೈರೀನ್ ಎಂಬ ವಸ್ತುವಿದೆ. ಕೂಡಿಟ್ಟ ಕೊಬ್ಬನ್ನು ಕರಗಿಸಬೇಕೆಂದು ದೇಹವು ಕೊಡುವ ಸೂಚನೆಯನ್ನು ಇದು ತಡೆಯುತ್ತದೆಂದೂ, ಇದನ್ನು ಪಡೆದ ಚಿಕ್ಕಿಲಿಗಳು ಹೆಚ್ಚು ತಿನ್ನದೆಯೇ ಹೆಚ್ಚು ತೂಗಿದವೆಂದೂ 2006ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಬೀಗ ಹಾಕಿದ ಹಗೇವಿನಂತೆ ಅಂಥ ದೇಹದಲ್ಲಿ ಸಂಗ್ರಹವುಂಟು, ತೆಗೆಯುವ ದಾರಿಯಿಲ್ಲ. ಮೂರನೆಯದು ನಡವಳಿಕೆಯ ದಾರಿ. ಹೊರಗೆ ಹೊಗೆ ತುಂಬಿದರೆ ಮಕ್ಕಳು ಆಡುವುದಿಲ್ಲ, ಹಿರಿಯರು ನಡೆಯುವುದಿಲ್ಲ. ದಮ್ಮು ಹತ್ತಿದವನು ಓಡುವುದೆಂತು?

ಇಷ್ಟನ್ನು ಓದಿದ ಮೇಲೆ ನಮ್ಮ ನಾಡಿನ ವಿದ್ಯಾರ್ಥಿಯೊಬ್ಬನು ಎದ್ದು ಒಂದು ಆಕ್ಷೇಪವನ್ನು ತರಬಹುದು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ತಾಂಬಾದಂಥ ಊರನ್ನೇ ತೆಗೆದುಕೊಳ್ಳಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಈ ಎರೆಸೀಮೆಯಲ್ಲಿ ಜೋಳ, ತೊಗರಿ, ಹತ್ತಿಗಳೇ ಬೆಳೆ. ಅವುಗಳ ಕಟ್ಟಿಗೆ ಮತ್ತು ಕುಳ್ಳುಗಳೇ ತಲೆಮಾರುಗಳಿಂದ ಒಲೆಗೆ ಉರುವಲು. ಮಾಳಿಗೆಯ ಮನೆಯಲ್ಲಿ ಹೊಗೆ ಹೋಗಲು ಒಂದು ಬೆಳಕಿಂಡಿ ಮಾತ್ರ. ಊದುಗೊಳವೆ ಹಿಡಿದು, ಕಣ್ಣೀರು ಒರೆಸಿಕೊಳ್ಳುತ್ತಾ, ಬೆಳಗೂ ಬೈಗೂ ರೊಟ್ಟಿ ಬಡಿದ ಅವ್ವಂದಿರು, ಅಮ್ಮಂದಿರು ಹೊಗೆಯನ್ನು ಬೇಕಾದಷ್ಟು ಕುಡಿದವರು. ಅವರಲ್ಲಿ ಬಹುಮಂದಿ ಬಡಕಲು ಮೈಯವರೇ ಆಗಿದ್ದರಲ್ಲ! ಹೊಗೆಯಿಂದ ಬೊಜ್ಜು ಬರುವುದಾದರೆ ಅವರಿಗೇಕೆ ಬರಲಿಲ್ಲ?

ಆಕ್ಷೇಪವು ಯೋಗ್ಯವಾದುದು, ವಿಷಯದ ತಿರುಳು ಇದರಲ್ಲಿಯೇ ಅಡಗಿದೆ. ಹೊಗೆಯು ಕೊಬ್ಬನ್ನು ಹುಟ್ಟಿಸುವುದಿಲ್ಲ. ಕೊಬ್ಬಾಗಲು ಮೊದಲು ಅನ್ನ ಬೇಕು. ಹೊತ್ತುಹೊತ್ತಿಗೆ ಹೊಟ್ಟೆ ತುಂಬದ, ಹೊಲದಲ್ಲಿ ದುಡಿದು ದೂರದ ಬಾವಿಯಿಂದ ನೀರು ಹೊತ್ತು ತಂದ ಹೆಂಗಸಿನ ಮೈಯಲ್ಲಿ ಕೂಡಿಡಲು ಉಳಿಕೆಯೇ ಇರಲಿಲ್ಲ. ಹೊಗೆ ಅವಳ ಕಣ್ಣನ್ನು ಕೆಡಿಸಿತು, ಉಸಿರನ್ನು ಕೆಡಿಸಿತು. ಇಂದು ಕಾಲ ಬದಲಾಗಿದೆ. ಸಕ್ಕರೆ, ಎಣ್ಣೆ, ಕರಿದ ತಿಂಡಿಗಳು ಹಳ್ಳಿಯ ಅಂಗಡಿಗೂ ಬಂದಿವೆ. ಮೈಮುರಿಯುವ ದುಡಿಮೆ ತಗ್ಗಿದೆ. ಉಳಿಕೆಯುಂಟಾದ ಈ ಕಾಲದಲ್ಲಿ ಲೆಕ್ಕವನ್ನು ಕೆಡಿಸುವ ಹೊಗೆಯೂ ಕೂಡಿದರೆ ಅಪಾಯ ಹೆಚ್ಚುತ್ತದೆ. ಹೊಗೆ ಬೊಜ್ಜಿನ ಮೂಲವಲ್ಲ, ಅದರ ಸಹಾಯಕ ಎಂದರೆ ಸರಿಯಾದೀತು.

ತೆಳ್ಳಗಿದ್ದವರೆಲ್ಲ ಕೊಬ್ಬಿನ ಕೇಡಿನಿಂದ ಪಾರಾದವರೆಂದೂ ತಿಳಿಯಬಾರದು. ಪುಣೆಯ ಸುತ್ತಲಿನ ಹಳ್ಳಿಗಳ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಂದಿಗೆ ಹೋಲಿಸಿ ನೋಡಿದಾಗ, ನಮ್ಮವು ಸರಾಸರಿ 2.7 ಕಿಲೋಗ್ರಾಂ, ಅಲ್ಲಿಯವು 3.5 ಕಿಲೋಗ್ರಾಂ ತೂಗಿದವು. ನಮ್ಮವುಗಳಲ್ಲಿ ಮಾಂಸಖಂಡ ಕಡಿಮೆಯಾಗಿದ್ದರೂ ಕೊಬ್ಬು ಮಾತ್ರ ಅಷ್ಟಾಗಿ ಕುಗ್ಗಿರಲಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದ 517 ಜನರನ್ನು ಹಳೆಯ ದಾಖಲೆಗಳ ನೆರವಿನಿಂದ ಹುಡುಕಿ ಪರೀಕ್ಷಿಸಿದ ಅಧ್ಯಯನವು 1996ರಲ್ಲಿ ಹೊರಬಂತು. ಹುಟ್ಟಿದಾಗ ಕಡಿಮೆ ತೂಗಿದ್ದವರಲ್ಲಿಯೇ ಮುಂದೆ ಹೃದ್ರೋಗ ಹೆಚ್ಚಾಗಿ ಕಂಡಿತ್ತು. ಗರ್ಭದಲ್ಲಿ ಕಳೆದ ತಿಂಗಳುಗಳ ಗುರುತು ಮುಪ್ಪಿನವರೆಗೂ ಅಳಿಯದೆಂಬುದು ಇದರಿಂದ ತಿಳಿಯುತ್ತದೆ. ಒಲೆಯ ಹೊಗೆಯಲ್ಲಿ ಕುಳಿತ ಗರ್ಭಿಣಿಯರ ಮಕ್ಕಳು ಕಡಿಮೆ ತೂಕದವಾಗುವುದುಂಟೆಂದು ಹಲವು ಅಧ್ಯಯನಗಳು ಹೇಳಿವೆ.

ಆದರೆ ವಿಜ್ಞಾನವು ಆತುರದ ತೀರ್ಪನ್ನು ಒಪ್ಪುವುದಿಲ್ಲ. ಭಾರತವೂ ಸೇರಿ ನಾಲ್ಕು ದೇಶಗಳಲ್ಲಿ 3,200 ಗರ್ಭಿಣಿಯರಲ್ಲಿ ಅರ್ಧದಷ್ಟು ಜನರಿಗೆ ಅಡುಗೆ ಅನಿಲದ ಒಲೆಯನ್ನು ಕೊಟ್ಟು ನಡೆಸಿದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು. ಹೊಗೆ ಬಹಳ ಕಡಿಮೆಯಾದರೂ ಶಿಶುಗಳ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಲ್ಲದೆ ನಗರಗಳಲ್ಲಿ ಹೆದ್ದಾರಿಯ ಮಗ್ಗುಲಿನ ಮಲಿನ ಗಾಳಿಯಲ್ಲಿ ವಾಸಿಸುವವರು ಬಹುಮಟ್ಟಿಗೆ ಬಡವರು. ಅವರಿಗೆ ಒಳ್ಳೆಯ ಆಹಾರವೂ ಆಟದ ಬಯಲೂ ದುರ್ಲಭ. ಅವರ ಬೊಜ್ಜಿನಲ್ಲಿ ಗಾಳಿಯ ಪಾಲೆಷ್ಟು, ಬಡತನದ ಪಾಲೆಷ್ಟು ಎಂದು ಬಿಡಿಸುವುದು ಸುಲಭವಲ್ಲ. ಹೀಗಾಗಿ, ಮಲಿನ ಗಾಳಿಯು ಬೊಜ್ಜಿಗೆ ನೆರವಾಗುತ್ತದೆಂಬುದಕ್ಕೆ ಬಲವಾದ ಸೂಚನೆಗಳಿವೆ, ಊಟ ಮತ್ತು ದುಡಿಮೆಗಳೇ ಇನ್ನೂ ಪ್ರಧಾನ ಕಾರಣಗಳು ಎನ್ನುವುದು ಇಂದಿನ ತಿಳಿವಳಿಕೆಗೆ ಒಪ್ಪುವ ಮಾತು.

ಹೊಗೆ ಅಡುಗೆಮನೆಯಿಂದ ಮಾತ್ರ ಬರುವುದಿಲ್ಲ. ಕಬ್ಬು ಕಡಿದ ಮೇಲೆ ಹೊಲದಲ್ಲಿ ರವದಿಗೆ ಬೆಂಕಿಯಿಡುವುದು ವಾಡಿಕೆಯಾಗಿದೆ. ಬಸವನ ಬಾಗೇವಾಡಿಯ ಭಾಗದ ಕೂಡಗಿಯಲ್ಲಿ ಕಲ್ಲಿದ್ದಲಿನಿಂದ 2,400 ಮೆಗಾವಾಟ್ ವಿದ್ಯುತ್ತನ್ನು ಉತ್ಪಾದಿಸುವ ಸ್ಥಾವರವಿದೆ. ಅದನ್ನು ಕಟ್ಟುವಾಗ, 2014ರಲ್ಲಿ, ಸುತ್ತಲಿನ ಹಳ್ಳಿಗಳ ರೈತರು ತೀವ್ರ ಪ್ರತಿಭಟನೆ ನಡೆಸಿದ್ದರು. ನಾಡಿಗೆ ಬೆಳಕು ಬೇಕು. ಬೆಳಕಿನ ಜೊತೆಗೆ ಶುದ್ಧವಾದ ಗಾಳಿಯೂ ಬೇಕು. ಒಂದಕ್ಕಾಗಿ ಇನ್ನೊಂದನ್ನು ಮಾರಿಕೊಳ್ಳದಂತೆ ಹೊಗೆಯನ್ನು ಸೋಸುವ, ಬೂದಿಯನ್ನು ಹತೋಟಿಯಲ್ಲಿಡುವ ಹೊಣೆ ಸ್ಥಾವರವನ್ನು ನಡೆಸುವವರ ಮೇಲೂ ಸರ್ಕಾರದ ಮೇಲೂ ಇದೆ.

ಮನೆಯ ಹೊಗೆಯನ್ನು ತಗ್ಗಿಸುವ ಕೆಲಸದಲ್ಲಿ ಕನ್ನಡನಾಡು ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಕೇಂದ್ರವು ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸುವ ಒಲೆಯನ್ನು ರೂಪಿಸಿತು. ‘ಅಸ್ತ್ರ ಒಲೆ’ ಎಂಬ ಹೆಸರಿನಿಂದಲೇ ಅದು ಹಳ್ಳಿಗಳನ್ನು ಮುಟ್ಟಿತು. 2016ರಿಂದ ಉಜ್ವಲ ಯೋಜನೆಯಡಿ ಬಡ ಕುಟುಂಬಗಳ ಹೆಣ್ಣುಮಕ್ಕಳ ಹೆಸರಿನಲ್ಲಿ ಅನಿಲದ ಸಂಪರ್ಕವನ್ನು ಕೊಡುತ್ತಾ ಬಂದಿದ್ದಾರೆ. ಆದರೆ ಸಿಲಿಂಡರ್ ಮನೆಗೆ ಬಂದ ಮಾತ್ರಕ್ಕೆ ಹೊಗೆ ಹೋಗುವುದಿಲ್ಲ. ಅದು ಬರಿದಾದಾಗ ಮತ್ತೆ ತುಂಬಿಸುವ ಹಣವೂ ಕೈಯಲ್ಲಿರಬೇಕು. ರವದಿಯನ್ನು ಸುಡದೆ ಹೊಲದಲ್ಲಿಯೇ ಕೊಳೆಯಿಸಿದರೆ ಗಾಳಿಯೂ ಉಳಿಯುತ್ತದೆ, ಮಣ್ಣಿಗೆ ಗೊಬ್ಬರವೂ ಆಗುತ್ತದೆ. ಕಸಕ್ಕೆ, ಅದರಲ್ಲಿಯೂ ಪ್ಲಾಸ್ಟಿಕ್ಕಿಗೆ ಬೆಂಕಿಯಿಡದಿರುವುದು ನೀವೂ ಪಾಲಿಸಬಹುದಾದ ನಿಯಮ.

ಕೊನೆಯದಾಗಿ ಒಂದು ಮಾತು. ಬೊಜ್ಜಿನ ಮೈಯವರನ್ನು ಕಂಡರೆ ತಿಂಡಿಪೋತರೆಂದೂ ಸೋಮಾರಿಗಳೆಂದೂ ಹಂಗಿಸುವ ಕೆಟ್ಟ ಚಾಳಿ ಲೋಕದಲ್ಲಿದೆ. ಶಾಲೆಯ ಅಂಗಳದಲ್ಲಿಯೂ ಅದು ಇಲ್ಲದಿಲ್ಲ. ಒಬ್ಬನ ದೇಹವು ಅವನ ನಾಲಗೆಯಿಂದ ಮಾತ್ರ ರೂಪುಗೊಳ್ಳುವುದಲ್ಲ. ತಾಯಿಯ ಗರ್ಭ, ಮನೆಯ ಒಲೆ, ಊರಿನ ದಾರಿ, ನಾಡಿನ ಕಾರ್ಖಾನೆ ಇವೆಲ್ಲವೂ ಅದರಲ್ಲಿ ಕೈಯಾಡಿಸಿರುತ್ತವೆ. ಮಿತವಾಗಿ ಉಣ್ಣುವುದು, ಮೈಮುರಿದು ದುಡಿಯುವುದು, ಬಯಲಿನಲ್ಲಿ ಆಡುವುದು ನಮ್ಮ ನಮ್ಮ ಕರ್ತವ್ಯ. ಗಾಳಿಯನ್ನು ನಿರ್ಮಲವಾಗಿ ಇಡುವುದು ಮಾತ್ರ ಒಬ್ಬರಿಂದ ಆಗುವ ಕೆಲಸವಲ್ಲ. ಎಲ್ಲರೂ ಕೂಡಿ ಉಸಿರಾಡುವ ಗಾಳಿಯನ್ನು ಎಲ್ಲರೂ ಕೂಡಿಯೇ ಕಾಯಬೇಕು.