ವೇಷಧಾರಿಯ ನಿದ್ದೆ, ವೇಷಧಾರಿಯ ಮನಸ್ಸು

ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟ ಸಾಮಾನ್ಯವಾಗಿ ದೀಪಾವಳಿ ಕಳೆದು ನವೆಂಬರ್‌ನಲ್ಲಿ ಶುರುವಾಗಿ, ಮೇ ಕೊನೆಯ ಪತ್ತನಾಜೆಯ ದಿನ ಮುಗಿಯುತ್ತದೆ. ಈ ಆರು ತಿಂಗಳು ವೃತ್ತಿ ಕಲಾವಿದರಿಗೆ ಹೆಚ್ಚುಕಡಿಮೆ ದಿನಕ್ಕೊಂದು ಊರು, ದಿನಕ್ಕೊಂದು ಆಟ. ಅವರ ಮಾನಸಿಕ ಆರೋಗ್ಯ ಬಹುಮಟ್ಟಿಗೆ ಈ ದಿನಚರಿಗೇ ಕಟ್ಟುಬಿದ್ದಿದೆ.

ಮೊದಲ ಪೆಟ್ಟು ನಿದ್ದೆಗೆ. ರಾತ್ರಿಯಿಡೀ ನಡೆಯುವ ಆಟ ಮುಗಿದು, ಕಿರೀಟ ಇಳಿಸಿ, ಬಣ್ಣ ತೆಗೆದು ಮನೆ ಸೇರುವಾಗ ಬಿಸಿಲೇರಿರುತ್ತದೆ. ಕತ್ತಲಲ್ಲಿ ಸ್ರವಿಸಿ ನಿದ್ದೆಗೆ ದಾರಿ ಮಾಡುವ ಮೆಲಟೋನಿನ್ ಬೆಳಕಿಗೆ ತಗ್ಗುತ್ತದೆ. ಹಗಲಿನ ನಿದ್ದೆ ಬೇಗ ಹರಿಯುತ್ತದೆ. ರಂಗದಲ್ಲಿ ಏರಿದ ಆವೇಶವೂ ಬಣ್ಣ ಹಚ್ಚುವ ಚೌಕಿಗೆ ಬಂದ ಕೂಡಲೇ ಇಳಿಯುವುದಿಲ್ಲ. ವಾರಗಟ್ಟಲೆ ನಿದ್ದೆಗೆಟ್ಟರೆ ಸಿಡುಕು, ಮರೆವು, ಆತಂಕ ಬೆನ್ನು ಹತ್ತುತ್ತವೆ. ಭಾಗವತರು ಪದ್ಯ ಮುಗಿಸಿದೊಡನೆ ಅಲ್ಲೇ ಅರ್ಥ ಕಟ್ಟಿ ಹೇಳಬೇಕಾದ ಕಲಾವಿದನಿಗೆ ಮಾತು ತಡವರಿಸುವುದಕ್ಕಿಂತ ದೊಡ್ಡ ಭಯವಿಲ್ಲ. ನಿದ್ದೆಗೆಂದು ಕುಡಿದರೆ ಮೊದಲ ಜೊಂಪು ಬೇಗ ಬರುತ್ತದೆ, ಆಮೇಲಿನ ನಿದ್ದೆ ಕೆಡುತ್ತದೆ. ನಡುರಾತ್ರಿಗೆ ಮುಗಿಯುವ ಕಾಲಮಿತಿ ಆಟಗಳಿಂದ ಪ್ರಸಂಗ ಮೊಟಕಾಗುತ್ತದೆ ಎಂಬ ಕೊರಗು ನಿಜವೇ. ಆದರೆ ಕಲಾವಿದನ ದೃಷ್ಟಿಯಿಂದ ಅದು ಒಳ್ಳೆಯ ಬದಲಾವಣೆ.

ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಬರುವುದು ಮಳೆಗಾಲದ ಚಿಂತೆ. ಚಿಕ್ಕಮೇಳದಲ್ಲಿ ಮನೆಮನೆಗೆ ಹೋಗುವವರು ಕೆಲವರು, ತೋಟದ ಕೆಲಸಕ್ಕೆ ಇಳಿಯುವವರು ಕೆಲವರು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ತಿರುಗಾಟವೇ ನಡುವೆ ನಿಂತಾಗ ಈ ಬದುಕು ಎಷ್ಟು ತೆಳುವಾದ ಎಳೆಯ ಮೇಲಿದೆ ಎಂಬುದು ಬಯಲಾಯಿತು. ಉಡುಪಿಯ ಯಕ್ಷಗಾನ ಕಲಾರಂಗ, 2015ರಲ್ಲಿ ಹುಟ್ಟಿದ ಯಕ್ಷಧ್ರುವ ಪಟ್ಲ ಫೌಂಡೇಶನ್‌ನಂಥ ಸಂಸ್ಥೆಗಳು ಕಲಾವಿದರಿಗೆ ಮನೆ, ಚಿಕಿತ್ಸೆಯ ನೆರವು ಕೊಡುತ್ತ ಬಂದಿವೆ. ಸೂರಿನ ಚಿಂತೆ, ಆಸ್ಪತ್ರೆಯ ಬಿಲ್ಲಿನ ಚಿಂತೆ ಕಳೆಯುವುದೂ ಮನಸ್ಸಿಗೆ ಕೊಡುವ ಮದ್ದೇ. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ವಿಮಾ ಕಂಪನಿಗಳು ದೇಹದ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಯ ಚಿಕಿತ್ಸೆಗೂ ವಿಮೆ ಒದಗಿಸಬೇಕು. ಕಲಾವಿದರಿಗೆ ವಿಮೆ ಮಾಡಿಸುವವರು ಇದನ್ನು ಕೇಳಿ ಪಡೆಯಬೇಕು.

ಕೆಲವು ನೋವುಗಳು ಪಾತ್ರದಿಂದಲೇ ಹುಟ್ಟುತ್ತವೆ. ರಂಗದಲ್ಲಿ ದ್ರೌಪದಿಯಾಗಿ ಮೆಚ್ಚುಗೆ ಪಡೆದ ಸ್ತ್ರೀವೇಷಧಾರಿಗೆ ಮರುದಿನ ಪೇಟೆಯಲ್ಲಿ ಗೇಲಿ ಕಾದಿರಬಹುದು. ಕಂಠ ಕೆಟ್ಟ ಭಾಗವತನಿಗೆ, ಮೊಣಕಾಲು ಸೋತ ಪುಂಡುವೇಷದವನಿಗೆ ಸಂಪಾದನೆಯ ಜೊತೆಗೆ ತಾನು ಯಾರೆಂಬ ಗುರುತೂ ಅಲುಗಾಡುತ್ತದೆ.

ಕಲಾವಿದನ ಮನಸ್ಸು ಕುಗ್ಗುವುದನ್ನು ಮೊದಲು ಗಮನಿಸಬಲ್ಲವರು ವೈದ್ಯರಲ್ಲ, ಚೌಕಿಯಲ್ಲಿ ಪಕ್ಕ ಕೂತು ಬಣ್ಣ ಹಚ್ಚುವವರು. ಹರಟುತ್ತಿದ್ದವನು ಮೌನಿಯಾದರೆ, ಊಟ ಬಿಟ್ಟರೆ, ಕುಡಿತ ಹೆಚ್ಚಿದರೆ, ಬದುಕು ಸಾಕೆಂಬ ಮಾತು ಬಂದರೆ ಅದನ್ನು ತಮಾಷೆ ಮಾಡದೆ ಒಬ್ಬನೇ ಇರುವಾಗ ವಿಚಾರಿಸಬೇಕು. ಮೇಳದ ಯಜಮಾನರು ಅಂಥವರಿಗೆ ಸಂಬಳ ಕಡಿಯದೆ ಎರಡು ರಾತ್ರಿ ರಜೆ ಕೊಡಬೇಕು. ಮುಂದಿನ ಹೆಜ್ಜೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಇದರ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲಿ ಮಾತಾಡಬಹುದು. ದಿನದ ಇಪ್ಪತ್ನಾಲ್ಕು ಗಂಟೆಯೂ ತೆರೆದಿರುವುದರಿಂದ, ಆಟ ಮುಗಿದು ಚೌಕಿ ಖಾಲಿಯಾಗುವ ಹೊತ್ತಿನಲ್ಲೂ ಅಲ್ಲಿ ಕರೆ ಎತ್ತುವವರಿರುತ್ತಾರೆ.